ಟ್ಯಾಪ್ ಮಾಡಿದ ಕೂಡಲೇ ಬಿಡುವುದಕ್ಕೆ ಹೊಡೆದಾಟ ಅನ್ನಬೇಡಿ

ಕ್ರೀಡಾಕೂಟಗಳಿಗೆ ಅನುಮತಿ ಕೊಡುವ ಅಧಿಕಾರಿಗಳಿಗೆ, ಕುಸ್ತಿ, ಜೂಡೊ, ಜಿಯು-ಜಿತ್ಸು ಪಂದ್ಯ ನಡೆಸುವ ಸಂಘಟಕರಿಗೆ, ತರಬೇತಿ ಕೇಂದ್ರಗಳವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಒಂದೇ ಪಂದ್ಯದ ಬಗ್ಗೆ ಎರಡು ಕಾಗದ ಓಡಾಡುವುದನ್ನು ನೀವೂ ನೋಡಿರುತ್ತೀರಿ. ಅನುಮತಿಗೆಂದು ಕೊಟ್ಟ ಅರ್ಜಿಯಲ್ಲಿ ‘ಇಲ್ಲಿ ಗುದ್ದುವುದಿಲ್ಲ, ಒದೆಯುವುದಿಲ್ಲ, ಅಪಾಯವೇನೂ ಇಲ್ಲ’ ಎಂದಿರುತ್ತದೆ. ಅದೇ ಪಂದ್ಯದ ಪೋಸ್ಟರಿನಲ್ಲಿ ‘ಅಸಲಿ ಫೈಟ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಅರ್ಜಿಯನ್ನು ನಂಬಿದವರು ಡಾಕ್ಟರನ್ನೇ ಕರೆಸುವುದಿಲ್ಲ. ಪೋಸ್ಟರನ್ನು ನಂಬಿದವರು ಬಾಕ್ಸಿಂಗ್ ನಿಯಮಾವಳಿಯನ್ನು ಹೊತ್ತು ತಂದು ಕುಸ್ತಿಯ ಮ್ಯಾಟಿಗೆ ಹೊದಿಸುತ್ತಾರೆ. ಎರಡು ಕಾಗದವೂ ಸುಳ್ಳು ಹೇಳುತ್ತಿವೆ. ಹಿಡಿದು, ಕೆಡವಿ, ಅದುಮಿ, ಪಟ್ಟು ಹಾಕುವ ಈ ಪಂದ್ಯಗಳು ಹೊಡೆದಾಟವಲ್ಲ. ಹಾಗೆಂದು ಇವು ನಿರಪಾಯದ ಆಟಗಳೂ ಅಲ್ಲ. ಇವುಗಳ ಅಪಾಯ ಬೇರೆ ಬಗೆಯದು, ಇರುವ ಜಾಗವೂ ಬೇರೆ. ಆ ಜಾಗ ಯಾವುದೆಂದು ತೋರಿಸುವುದಕ್ಕೇ ಈ ಪತ್ರ.

ಮೊದಲು ‘ಅಸಲಿ’ ಅನ್ನುವ ಮಾತನ್ನೇ ನೋಡೋಣ. ಮ್ಯಾಟ್ ಮೇಲೆ ಅಸಲಿಯಾದದ್ದು ಒಂದಂತೂ ಇದೆ, ಎದುರಾಳಿಯ ವಿರೋಧ. ಆತ ಬೀಳಲು ಒಪ್ಪಿ ಬಂದಿಲ್ಲ. ನಿಮ್ಮ ಪಟ್ಟು ಅರ್ಧ ಕೂರುವಷ್ಟರಲ್ಲಿ ಸೊಂಟ ತಿರುಗಿಸಿ ತಪ್ಪಿಸಿಕೊಳ್ಳುತ್ತಾನೆ. ಜೂಡೊ ಕಟ್ಟಿದ ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಎಂಬ ತಮ್ಮ ಶಾಲೆ ಶುರುಮಾಡಿದಾಗ ಹಿಡಿದ ದಾರಿಯೂ ಇದೇ. ಜಪಾನಿನ ಹಳೆಯ ಜುಜುತ್ಸುವಿನ ಹೊಡೆತಗಳನ್ನು ಕಟಾಕ್ಕೆ, ಅಂದರೆ ಮೊದಲೇ ಗೊತ್ತುಮಾಡಿಕೊಂಡ ಜೋಡಿ ಅಭ್ಯಾಸಕ್ಕೆ ಸರಿಸಿದರು. ಎಸೆತ, ಅದುಮು, ಕತ್ತು ಬಿಗಿತ, ಕೀಲು ಪಟ್ಟುಗಳನ್ನು ರಾಂಡೊರಿಗೆ, ಅಂದರೆ ಮುಕ್ತ ಸೆಣಸಿಗೆ ಉಳಿಸಿಕೊಂಡರು. ಅದರ ಲೆಕ್ಕ ಸರಳ. ಕಣ್ಣಿಗೆ ಚುಚ್ಚುವುದನ್ನು ಪೂರ್ಣ ಬಲದಿಂದ ಅಭ್ಯಾಸ ಮಾಡಲು ಹೊರಟರೆ ಜತೆಗಾರನಿಗೆ ಇರುವುದು ಎರಡೇ ಕಣ್ಣು. ಸೊಂಟದ ಮೇಲಿಂದ ಎತ್ತಿಹಾಕುವುದನ್ನಾದರೆ ಅದೇ ಜತೆಗಾರನ ಮೇಲೆ ವರ್ಷಗಟ್ಟಲೆ, ಅವನು ಬಿಡುವುದಿಲ್ಲ ಎಂದು ಹಟ ಹಿಡಿದಾಗಲೂ ಮಾಡಬಹುದು. ‘ನಮ್ಮ ವಿದ್ಯೆ ಪಂದ್ಯಕ್ಕೆ ತರಲಾಗದಷ್ಟು ಮಾರಕ’ ಎಂದು ಹೇಳಿಕೊಳ್ಳುವವರ ಮಾತಿಗೆ ನಾವು ಬೆಲೆ ಕೊಡದಿರುವುದು ಇದಕ್ಕಾಗಿಯೇ. ವಿರೋಧಿಸುವ ಮೈಯ ಮೇಲೆ ಒಮ್ಮೆಯೂ ಪ್ರಯೋಗ ಮಾಡದ ಪಟ್ಟು ಕೆಲಸ ಮಾಡುತ್ತದೋ ಇಲ್ಲವೋ ಎನ್ನುವುದು ಅವರಿಗೂ ಗೊತ್ತಿರುವುದಿಲ್ಲ.

ಇದರ ಸಾಕ್ಷಿಯಾಗಿ ಎಲ್ಲರೂ 1993ರ ನವೆಂಬರ್ 12ನ್ನು ನೆನೆಯುತ್ತಾರೆ. ಡೆನ್ವರಿನಲ್ಲಿ ನಡೆದ ಮೊದಲ ಯುಎಫ್‌ಸಿಯಲ್ಲಿ, ಅಂದರೆ ಗುದ್ದು, ಒದೆ, ಹಿಡಿತ ಎಲ್ಲಕ್ಕೂ ಅವಕಾಶವಿದ್ದ ಪಂದ್ಯಾವಳಿಯಲ್ಲಿ, ಜಿಯು-ಜಿತ್ಸುವಿನ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲೊಪ್ಪಿಸಿದರು. ನೆಲದ ಮೇಲಿನ ಸೆಣಸನ್ನು ಕಲಿಯದವನು ನೆಲಕ್ಕೆ ಬಿದ್ದರೆ ದಿಕ್ಕುಗಾಣದೆ ಹೋಗುತ್ತಾನೆ ಎನ್ನುವುದನ್ನು ಅದು ತೋರಿಸಿಕೊಟ್ಟಿತು. ಪಾಯಿಂಟಿನ ಪಂದ್ಯ ಆಡುವವನು ಹೊಡೆದಾಟಕ್ಕೂ ಸಿದ್ಧ ಅನ್ನುವುದನ್ನು ಮಾತ್ರ ಅದು ತೋರಿಸಲಿಲ್ಲ. ನಾಲ್ಕು ವರ್ಷವೂ ಕಳೆದಿರಲಿಲ್ಲ, 1997ರ ಜುಲೈನಲ್ಲಿ ಯುಎಫ್‌ಸಿ 14 ನಡೆಯಿತು. ಕುಸ್ತಿಯಿಂದ ಬಂದ ಮಾರ್ಕ್ ಕೋಲ್ಮನ್, ಕಿಕ್‌ಬಾಕ್ಸರ್ ಮೋರಿಸ್ ಸ್ಮಿತ್‌ರನ್ನು ಕೆಡವಿ ಮೇಲೆ ಕೂತರೂ ಕೊನೆಗೆ ಗೆದ್ದದ್ದು ಸ್ಮಿತ್. ಕೆಳಗೆ ಬಿದ್ದಾಗ ಏಟು ತಪ್ಪಿಸಿಕೊಂಡು ಉಳಿಯುವುದನ್ನೂ ಎದ್ದು ನಿಲ್ಲುವುದನ್ನೂ ಅವರು ಕಲಿತು ಬಂದಿದ್ದರು. ಕೋಲ್ಮನ್ ಸುಸ್ತಾದರು. ಹಿಡಿತದ ವಿದ್ಯೆ ಬೇಕೇ ಬೇಕು, ಅದೊಂದೇ ಸಾಲದು ಎನ್ನುವುದು ಅಲ್ಲಿಗೆ ಇತ್ಯರ್ಥವಾಯಿತು.

ಪಂದ್ಯದ ಅಂಕಪಟ್ಟಿಯಲ್ಲೇ ಈ ಕತೆ ಅಡಗಿದೆ. ಜಿಯು-ಜಿತ್ಸುವಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಐಬಿಜೆಜೆಎಫ್ (ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿತ್ಸು ಒಕ್ಕೂಟ) ನಿಯಮದಂತೆ ಕೆಡವಿದರೆ 2, ಕೆಳಗಿನಿಂದ ಮಗುಚಿ ಮೇಲೆ ಬಂದರೆ 2, ಹೊಟ್ಟೆಯ ಮೇಲೆ ಮಂಡಿ ಊರಿದರೆ 2, ಕೆಳಗಿನವನು ಕಾಲುಗಳಿಂದ ಒಡ್ಡಿದ ತಡೆಯನ್ನು, ಅಂದರೆ ಕಾಲಿನ ಕಾವಲನ್ನು ದಾಟಿದರೆ 3, ಎದೆಯ ಮೇಲೆ ಕೂತರೆ ಅಥವಾ ಬೆನ್ನು ಹಿಡಿದರೆ 4. ಪ್ರತಿಯೊಂದನ್ನೂ 3 ಸೆಕೆಂಡ್ ಹಿಡಿದಿಟ್ಟುಕೊಳ್ಳಬೇಕು. ಎದೆಯ ಮೇಲೆ ಕೂತವನಿಗೆ 4 ಅಂಕ ಯಾಕೆ? ಅಲ್ಲಿಂದ ಅವನು ಮುಖಕ್ಕೆ ಗುದ್ದಬಹುದು, ಕೆಳಗಿನವನ ಗುದ್ದು ಅವನಿಗೆ ತಟ್ಟುವುದಿಲ್ಲ. ಪಂದ್ಯದಲ್ಲಿ ಗುದ್ದೇ ಇಲ್ಲ. ಗುದ್ದು ಹೋಗಿದೆ, ಗುದ್ದಿನ ಬೆಲೆ ಉಳಿದಿದೆ! ಇನ್ನು ಕೆಲವು ಕಡೆ ನಿಯಮ ತನ್ನ ಮೂಲವನ್ನೇ ಮರೆತಿದೆ. ಎದುರಾಳಿಯ ಅಂಗಿ ಹಿಡಿದು ತಾನಾಗಿಯೇ ಕೆಳಗೆ ಕೂತು ಕಾಲಿನ ಕಾವಲು ಹಾಕುವುದಕ್ಕೆ ಇಲ್ಲಿ ದಂಡವಿಲ್ಲ (ಎಡಿಸಿಸಿ ಎಂಬ ಇನ್ನೊಂದು ಪಂದ್ಯಾವಳಿಯ ನಿಯಮದಲ್ಲಿ ಅಂಕ ಎಣಿಸುವ ಅವಧಿಯಲ್ಲಿ ಹಾಗೆ ಮಾಡಿದರೆ ಒಂದಂಕ ಕಡಿತ). ಇಬ್ಬರೂ ಒಟ್ಟಿಗೆ ಕೂತುಬಿಟ್ಟರೆ ರೆಫರಿ 20 ಸೆಕೆಂಡ್ ಎಣಿಸಿ ಎಬ್ಬಿಸಬೇಕು. ಜಗಳಕ್ಕೆ ಬಿದ್ದ ಇಬ್ಬರು ಎದುರುಬದುರು ಕುಂಡೆಯೂರಿ ಕೂತು ಎಬ್ಬಿಸುವವರಿಗಾಗಿ ಕಾದದ್ದನ್ನು ಯಾರೂ ಕಂಡಿಲ್ಲ.

ಕುಸ್ತಿಯದೂ ಅದೇ ಪಾಡು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನಾವು ಗೇಲಿ ಮಾಡುತ್ತೇವೆ. ನಿಯಮ ಓದಿದರೆ ಜಟ್ಟಿಗೆ ಮೀಸೆ ಮಣ್ಣಾದರೆ ನಷ್ಟವೇನಿಲ್ಲ, ಬೆನ್ನು ಮಣ್ಣಾಗಬಾರದು ಅಷ್ಟೆ. ಎರಡೂ ಭುಜದ ಹಲಗೆ ಮ್ಯಾಟಿಗೆ ಅಂಟಿದರೆ ಆಟ ಮುಗಿಯಿತು. ಹಾಗಾಗಿ ಕುಸ್ತಿಯವನು ಬೀಳುವಾಗ ಗಾಳಿಯಲ್ಲೇ ತಿರುಗಿ ಬೋರಲಾಗಲು ಮೈಯನ್ನು ಪಳಗಿಸಿಕೊಂಡಿರುತ್ತಾನೆ. ಜೂಡೊದಲ್ಲೂ ಹೀಗೇ. ಬೆನ್ನ ಮೇಲೆ 10 ಸೆಕೆಂಡ್ ಅದುಮಿಸಿಕೊಂಡರೆ ಎದುರಾಳಿಗೆ ವಜಾ-ಆರಿ, ಅಂದರೆ ಅರ್ಧ ಗೆಲುವು, 20 ಆದರೆ ಇಪ್ಪೊನ್, ಅಂದರೆ ಪೂರ್ಣ ಗೆಲುವು. ಅದರ ಬದಲು ಬೋರಲು ಮಲಗಿ, ಕತ್ತು ಒಳಗೆಳೆದು, ರೆಫರಿ ‘ಮತೆ’, ಅಂದರೆ ನಿಲ್ಲಿಸಿ, ಅನ್ನುವವರೆಗೆ ಕಾಯುತ್ತಾರೆ. ‘ಮತೆ’ ಅನ್ನುವವರೇ ಇಲ್ಲದ ಕಡೆ ಬೋರಲು ಮಲಗಿದವನಿಗೆ ಎದುರಾಳಿಯ ಕೈ ಕಾಣುವುದಿಲ್ಲ, ಏಟು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಅದಕ್ಕಿಂತ ಕೆಟ್ಟ ಸ್ಥಿತಿ ಇನ್ನೊಂದಿಲ್ಲ. ಅಂತರರಾಷ್ಟ್ರೀಯ ಜೂಡೊ 2010ರಲ್ಲಿ ಕಾಲು ಹಿಡಿಯುವುದನ್ನು ನಿರ್ಬಂಧಿಸಿ 2013ರಲ್ಲಿ ಪೂರ್ತಿ ನಿಲ್ಲಿಸಿದ ಮೇಲೆ ಕಲಿತವರಲ್ಲಿ ಎರಡು ಕಾಲಿಗೂ ಒಮ್ಮೆಲೇ ಕೈಹಾಕಿ ನುಗ್ಗುವವನನ್ನು ತಡೆಯುವ ಅಭ್ಯಾಸವೇ ಕಡಿಮೆ. ಇದು ಜೂಡೊವಿನ ದೋಷವಲ್ಲ. ಮೈ ಕಲಿಯುವುದು ನಿಯಮವನ್ನು.

ಒಂದೇ ಒಂದು ಸ್ಥಿತಿಯನ್ನು ಹತ್ತಿರದಿಂದ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕೆಳಗಿನವನು ಬೆನ್ನ ಮೇಲೆ ಮಲಗಿ, ಮೇಲಿನವನ ಸೊಂಟಕ್ಕೆ ಎರಡೂ ಕಾಲು ಸುತ್ತಿ, ಬೆನ್ನ ಹಿಂದೆ ಕಾಲ್ಗಿಣ್ಣು ಹೆಣೆದಿದ್ದಾನೆ. ಇದೇ ಕ್ಲೋಸ್ಡ್ ಗಾರ್ಡ್. ಪಂದ್ಯದಲ್ಲಿ ಅವನಿಗೆ ಸಮಯವಿದೆ. ಒಂದು ಕೈಯಲ್ಲಿ ಕಾಲರ್, ಇನ್ನೊಂದರಲ್ಲಿ ತೋಳು ಹಿಡಿದು, ಸೊಂಟವನ್ನು ಪಕ್ಕಕ್ಕೆ ಸರಿಸಿ, ನಿಧಾನವಾಗಿ ಆರ್ಮ್‌ಬಾರಿಗೆ, ಅಂದರೆ ಮೊಣಕೈಯನ್ನು ಹಿಮ್ಮುಖ ಬಾಗಿಸುವ ಪಟ್ಟಿಗೆ, ಕೋನ ಮಾಡಿಕೊಳ್ಳಬಹುದು. ಗುದ್ದಿಗೆ ಅವಕಾಶವಿದ್ದರೆ ಇದೇ ತೋಳಳತೆಯ ಅಂತರ ಮುಖಕ್ಕೆ ಮುಳುವು. ಆಗ ಎರಡೇ ದಾರಿ. ಒಂದೋ ಅವನ ತಲೆಯ ಹಿಂದೆ ಕೈಹಾಕಿ, ಮಂಡಿಗಳಿಂದ ಎಳೆದು, ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ಹಿಡಿದುಕೊಳ್ಳಬೇಕು. ಇಲ್ಲವೇ ಸೊಂಟಕ್ಕೆ ಪಾದ ಕೊಟ್ಟು ತಳ್ಳಿ ಕೈಗೆ ಸಿಗದಷ್ಟು ದೂರ ಮಾಡಬೇಕು. ನಡುವಿನ ಅಂತರದಲ್ಲಿ ಉಳಿದವನು ಏಟು ತಿನ್ನುತ್ತಾನೆ. ಕೆಳಗಿರುವುದು ಮ್ಯಾಟಲ್ಲ, ಕಾಂಕ್ರೀಟ್ ಎಂದುಕೊಳ್ಳಿ. ಮೇಲಿನವನು ಅವನನ್ನು ಒಂದಡಿ ಎತ್ತಿ ಬಿಟ್ಟರೂ ತಲೆಯ ಹಿಂಭಾಗಕ್ಕೇ ಪೆಟ್ಟು. ಹಾಗೆ ಎತ್ತಿ ಕುಕ್ಕುವುದಕ್ಕೆ ಪಂದ್ಯದಲ್ಲಿ ಅನರ್ಹತೆ ಇರುವುದರಿಂದ ಕಾಲು ಬಿಚ್ಚಿಕೊಳ್ಳುವ ಅಭ್ಯಾಸ ಬಹುತೇಕರಿಗೆ ಇರುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬ ನಿಂತಿದ್ದಾನೆ, ಅಥವಾ ಮೇಲಿನವನ ಜೇಬಿನಲ್ಲಿ ಚಾಕು ಇದೆ ಅಂದರೆ ಕಾಲು ಹೆಣೆದುಕೊಂಡವನು ತನ್ನನ್ನು ತಾನೇ ಕಟ್ಟಿಹಾಕಿಕೊಂಡಂತೆ. ಮಲಗಿರುವ ಭಂಗಿ ಒಂದೇ, ಉತ್ತರ ನಾಲ್ಕು. ಅವುಗಳಲ್ಲಿ ಪಂದ್ಯ ಕಲಿಸುವುದು ಒಂದನ್ನು.

ಇನ್ನು ಟ್ಯಾಪ್, ಅಂದರೆ ಸೋಲೊಪ್ಪಿಕೊಳ್ಳುವ ಸನ್ನೆ. ಪಂದ್ಯವನ್ನು ಹೊಡೆದಾಟದಿಂದ ಬೇರೆ ಮಾಡುವುದು ಗುದ್ದು ಇಲ್ಲದಿರುವುದಕ್ಕಿಂತ ಹೆಚ್ಚಾಗಿ ಇದು. ಅಂಗೈಯಿಂದ ಎದುರಾಳಿಯ ಮೈಯನ್ನೋ ಮ್ಯಾಟನ್ನೋ ಎರಡು ಮೂರು ಸಲ ತಟ್ಟುವುದು, ಕೈ ಸಿಕ್ಕಿಬಿದ್ದಿದ್ದರೆ ಕಾಲಿನಿಂದ ತಟ್ಟುವುದು, ಅದೂ ಆಗದಿದ್ದರೆ ಬಾಯಲ್ಲಿ ಹೇಳುವುದು. ಪಟ್ಟಿನಲ್ಲಿರುವಾಗ ಹೊರಟ ನೋವಿನ ಕೂಗನ್ನೂ ರೆಫರಿ ಟ್ಯಾಪ್ ಎಂದೇ ತೆಗೆದುಕೊಳ್ಳುತ್ತಾರೆ. ನನ್ನ ಕೈ ನಿನ್ನ ವಶದಲ್ಲಿದೆ, ನೀನು ಮುರಿಯಬಲ್ಲೆ, ಮುರಿಯಬೇಡ. ಟ್ಯಾಪಿನ ಅರ್ಥ ಇಷ್ಟು. ಇಷ್ಟು ನಂಬಿಕೆ ಇರುವ ಕಡೆಗೆ ಹೊಡೆದಾಟ ಎಂಬ ಹೆಸರು ಹೊಂದುವುದಿಲ್ಲ. 1951ರ ಅಕ್ಟೋಬರಿನಲ್ಲಿ ಬ್ರೆಜಿಲಿನ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೊಪಟು ಮಸಾಹಿಕೊ ಕಿಮುರಾ ತೋಳು ತಿರುಚಿದಾಗ ಜಿಯು-ಜಿತ್ಸುವಿನ ಹೇಲಿಯೊ ಗ್ರೇಸಿ ತಟ್ಟಲಿಲ್ಲ. ಕೈ ಮುರಿಯಿತು, ಕೊನೆಗೆ ಅವರ ಕಡೆಯವರೇ ಟವೆಲ್ ಎಸೆದರು. ಆ ಪಟ್ಟಿಗೆ ಈಗ ಕಿಮುರಾ ಎಂದೇ ಹೆಸರು. ಇನ್ನೂ ಹಿಂದೆ, ಕ್ರಿ.ಪೂ. 564ರ ಒಲಿಂಪಿಕ್ಸ್‌ನ ಪಾಂಕ್ರೇಷನ್‌ನಲ್ಲಿ, ಅಂದರೆ ಗುದ್ದು, ಹಿಡಿತ ಎರಡೂ ಇದ್ದ ಪ್ರಾಚೀನ ಗ್ರೀಕರ ಸೆಣಸಿನಲ್ಲಿ, ಅರ್ರಿಖಿಯೊನ್ ಕತ್ತು ಬಿಗಿಸಿಕೊಂಡೇ ಎದುರಾಳಿಯ ಪಾದ ತಿರುಚಿದ. ಎದುರಾಳಿ ಸೋಲೊಪ್ಪಿಕೊಳ್ಳುವಷ್ಟರಲ್ಲಿ ಇವನ ಪ್ರಾಣ ಹೋಗಿತ್ತು. ವಿಜಯದ ಕಿರೀಟ ಹೆಣದ ತಲೆಗೇರಿತು. ಇಂಥ ಕತೆಗಳನ್ನು ಶೌರ್ಯದ ಪಾಠವಾಗಿ ಹೇಳುವ ತರಬೇತುದಾರರಿಗೆ ನಮ್ಮ ವಿನಂತಿ: ಹೇಳಿ, ಆದರೆ ಕೇಳುತ್ತಿರುವ ಹುಡುಗನ ಮೊಣಕೈ ಅವನದು, ನಿಮ್ಮದಲ್ಲ. ‘ಇದು ಫೈಟು, ತಟ್ಟಬೇಡ’ ಎಂದು ಅಂಚಿನಲ್ಲಿ ನಿಂತು ಕೂಗುವವರಿಗೆ ರೆಫರಿ ಎಚ್ಚರಿಕೆ ಕೊಡುವಂತಾಗಬೇಕು.

ಈಗ ಅಪಾಯದ ಜಾಗಕ್ಕೆ ಬರೋಣ. ಪಟ್ಟುಗಳೆಲ್ಲ ಒಂದೇ ಬಗೆಯಲ್ಲಿ ಎಚ್ಚರಿಸುವುದಿಲ್ಲ. ಆರ್ಮ್‌ಬಾರಿನಲ್ಲಿ ಮೊಣಕೈ ನೆಟ್ಟಗಾಗಿ ಹಿಮ್ಮುಖ ಬಾಗತೊಡಗಿದಾಗಲೇ ಸಾಮಾನ್ಯವಾಗಿ ನೋವು ಶುರುವಾಗುತ್ತದೆ, ತಟ್ಟಲು ಒಂದು ಗಳಿಗೆ ಸಿಗುತ್ತದೆ. ಹೀಲ್ ಹುಕ್ ಹಾಗಲ್ಲ. ಪಾದವನ್ನು ಕಂಕುಳಲ್ಲಿ ಸಿಕ್ಕಿಸಿ, ಹಿಮ್ಮಡಿಯನ್ನು ಮುಂಗೈಯಲ್ಲಿ ಕೊಕ್ಕೆ ಹಾಕಿ, ತೊಡೆಯನ್ನು ಕಾಲುಗಳಿಂದ ಅಲುಗದಂತೆ ಹಿಡಿದು, ಇಡೀ ಮೈಯನ್ನು ತಿರುಗಿಸುತ್ತಾರೆ. ತಿರುಚು ಬೀಳುವುದು ಹಿಮ್ಮಡಿಗೆ, ಹರಿಯುವುದು ಮಂಡಿಯ ಲಿಗಮೆಂಟ್ ಮತ್ತು ಮೆನಿಸ್ಕಸ್. ಮಂಡಿ ಬಾಗುವುದಕ್ಕೆ ಇರುವ ಕೀಲು, ತಿರುಗುವುದಕ್ಕಲ್ಲ. ನೋವು ತಿಳಿಯುವ ಹೊತ್ತಿಗೆ ಎಷ್ಟೋ ಸಲ ಕೆಲಸ ಮುಗಿದಿರುತ್ತದೆ. ಗಾಬರಿಯಾದ ಹೊಸಬ ತಪ್ಪು ದಿಕ್ಕಿಗೆ ಹೊರಳಿದರೆ ತನ್ನ ಮಂಡಿಯನ್ನು ತಾನೇ ಮುರಿದುಕೊಳ್ಳುತ್ತಾನೆ. ಐಬಿಜೆಜೆಎಫ್ ಇದನ್ನು ಅಂಗಿ ತೊಟ್ಟ ಪಂದ್ಯಗಳಲ್ಲಿ ಯಾರಿಗೂ ಬಿಟ್ಟಿಲ್ಲ. ಅಂಗಿಯಿಲ್ಲದ ಪಂದ್ಯಗಳಲ್ಲಿ ವಯಸ್ಕರ ಕಂದು, ಕಪ್ಪು ಬೆಲ್ಟಿನವರಿಗೆ ಮಾತ್ರ 2021ರಿಂದ ಬಿಟ್ಟಿದೆ. ಸಣ್ಣ ಟೂರ್ನಿಗಳಲ್ಲಿ ‘ಅಸಲಿ ಫೈಟ್ ಅಲ್ಲವೇ, ಎಲ್ಲ ನಡೆಯಲಿ’ ಎಂದು ಆರು ತಿಂಗಳ ಕಲಿಕೆಯವರಿಗೂ ಬಿಡುವುದೇ ಆ ಪೋಸ್ಟರಿನ ನಿಜವಾದ ಹಾನಿ.

ಕತ್ತು ಬಿಗಿತವನ್ನು ನೋಡಿ ಜನ ಹೆದರುತ್ತಾರೆ. ಸರಿಯಾಗಿ ನೋಡಿಕೊಂಡರೆ ಅದು ಹೀಲ್ ಹುಕ್‌ಗಿಂತ ಸೌಮ್ಯ. ಕತ್ತಿನ ಎರಡು ಪಕ್ಕದ ರಕ್ತನಾಳ ಒತ್ತಿದರೆ ಸುಮಾರು 10 ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಬಿಟ್ಟರೆ ಸಾಮಾನ್ಯವಾಗಿ ಅರ್ಧ ನಿಮಿಷದೊಳಗೆ ಮರಳುತ್ತದೆ. ಕಷ್ಟವೇನೆಂದರೆ ಪ್ರಜ್ಞೆ ತಪ್ಪಿದವನು ತಟ್ಟುವುದಿಲ್ಲ. ಆದ್ದರಿಂದ ರೆಫರಿ ಮುಖ ಕಾಣುವ ಕಡೆಗೆ ಸರಿದು, ಕೈ ಸಡಿಲವಾಯಿತೇ, ಗೊರಕೆಯಂಥ ಸದ್ದು ಬಂತೇ ಎಂದು ನೋಡುತ್ತಲೇ ಇರಬೇಕು. ಅನುಮಾನ ಬಂದರೆ ಕೈಯೊಂದನ್ನು ಎತ್ತಿ ಬಿಟ್ಟು ನೋಡಬೇಕು. ಪ್ರಜ್ಞೆ ತಪ್ಪಿದ್ದರೆ ಅಂಗಾತ ಮಲಗಿಸಿ, ಉಸಿರಾಟ ನೋಡಿ, ಕಾಲು ಸ್ವಲ್ಪ ಎತ್ತಿ ಹಿಡಿಯಬೇಕು. ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಬೇಕು. ಎಬ್ಬಿಸಿ ಕೂರಿಸುವುದು, ಕೆನ್ನೆಗೆ ಬಾರಿಸುವುದು, ನೀರು ಕುಡಿಸುವುದು ಎಲ್ಲವೂ ತಪ್ಪು. ಆ ದಿನ ಮತ್ತೆ ಆಡಿಸಬಾರದು. ಆಮೇಲೆ ಕತ್ತಿನ ಒಂದೇ ಪಕ್ಕ ನೋವು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು ಕಂಡರೆ ತಡಮಾಡದೆ ಆಸ್ಪತ್ರೆ. ಕತ್ತಿನ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯು ಆದ ಉದಾಹರಣೆಗಳು, ಅಪರೂಪವಾದರೂ, ಇವೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಪಂದ್ಯದಲ್ಲೂ ಇಲ್ಲ, ಅಭ್ಯಾಸದಲ್ಲಿದೆ. ಜಪಾನಿನ ಶಾಲೆಗಳ ಜೂಡೊದಲ್ಲಿ 1983ರಿಂದ 2010ರ ಹೊತ್ತಿಗೆ 100ಕ್ಕೂ ಹೆಚ್ಚು ಮಕ್ಕಳು ಸತ್ತಿದ್ದಾರೆ. ಬಹಳಷ್ಟು ಸಾವುಗಳಿಗೆ ಕಾರಣ ತಲೆಪೆಟ್ಟು. ಅದರಲ್ಲೂ ಆಗಷ್ಟೇ ಸೇರಿದವರೇ ಹೆಚ್ಚು. ಅಲ್ಲಿ ಯಾರೂ ಗುದ್ದಿರಲಿಲ್ಲ. ಒಸೊಟೊ-ಗಾರಿಯಂಥ ಎಸೆತದಲ್ಲಿ ಕಾಲು ಮುಂದಕ್ಕೆ ಹೋಗಿ ಮೈ ನೇರ ಹಿಂದಕ್ಕೆ ಬೀಳುತ್ತದೆ. ಗಲ್ಲವನ್ನು ಎದೆಗೆ ಒತ್ತಿಕೊಳ್ಳುವುದು ಅಭ್ಯಾಸವಾಗದ ಮಗುವಿನ ತಲೆ ಚಾಟಿಯಂತೆ ಬೀಸುತ್ತದೆ. ತಲೆ ನೆಲಕ್ಕೆ ಬಡಿಯದೆಯೂ ಆ ಬೀಸಿಗೇ ಮಿದುಳಿನ ಹೊದಿಕೆಯ ಬಳಿಯ ನಾಳ ಹರಿದು ರಕ್ತ ಒಸರಬಹುದು. ಎರಡು ದಿನ ತಲೆನೋವು ಎಂದ ಮಗುವನ್ನು ಮತ್ತೆ ಮ್ಯಾಟಿಗೆ ಇಳಿಸಿದರೆ ಎರಡನೆಯ ಸಲ ಬೀಳುವುದು ಪ್ರಾಣಕ್ಕೇ ಮುಳುವಾಗಬಹುದು. ಬಾಕ್ಸಿಂಗ್ ನಿಯಮಾವಳಿಯಲ್ಲಿ ನಮಗೆ ಬೇಕಾದದ್ದು ಇದೊಂದೇ: ತಲೆಗೆ ಪೆಟ್ಟಾದವರಿಗೆ ಡಾಕ್ಟರು ಒಪ್ಪುವವರೆಗೆ ಕಡ್ಡಾಯ ಬಿಡುವು. ಅದನ್ನು ಮಾತ್ರ ಎರವಲು ತನ್ನಿ. ಎಸೆತಕ್ಕೆ ಮೊದಲು ಬೀಳುವುದನ್ನು ಕಲಿಸುವ ಕ್ರಮವನ್ನೂ ಕೇಳಿ ತಿಳಿದುಕೊಳ್ಳಿ. ಮೊದಲು ಮಲಗಿ ಕೈ ಬಡಿಯುವುದು, ಆಮೇಲೆ ಕುಕ್ಕರುಗಾಲಿನಿಂದ, ಆಮೇಲೆ ನಿಂತು, ಕೊನೆಗೆ ಜತೆಗಾರ ನಿಧಾನವಾಗಿ ಇಳಿಸಿದಾಗ. ಇದಕ್ಕೆ ವಾರಗಳೇ ಬೇಕು. ಮೊದಲ ದಿನವೇ ಮಕ್ಕಳನ್ನು ಎಸೆಯಿಸುವ ಕೇಂದ್ರ ನೋಡಲು ಚುರುಕಾಗಿ ಕಾಣುತ್ತದೆ ಅಷ್ಟೆ.

ಎದುರಾಳಿಯ ಕಾಲುಗಳಿಗೆ ತನ್ನ ಕಾಲುಗಳಿಂದ ಕತ್ತರಿ ಹಾಕಿದಂತೆ ಪಕ್ಕದಿಂದ ಹಾರಿ ಬೀಳಿಸುವ ಕಾನಿ-ಬಸಾಮಿಯನ್ನೂ ಹೆಸರಿಸಲೇಬೇಕು. 1980ರಲ್ಲಿ ಜಪಾನಿನ ಜೂಡೊ ಚಾಂಪಿಯನ್ ಯಾಸುಹಿರೊ ಯಮಾಶಿತಾರಂಥವರ ಕಾಲಿನ ಮೂಳೆಯನ್ನೇ ಮುರಿದ ಪಟ್ಟದು. ಜೂಡೊ ಆಮೇಲೆ ಅದನ್ನು ನಿಷೇಧಿಸಿತು. ನಿಮ್ಮ ಟೂರ್ನಿಯ ಪಟ್ಟಿಯಲ್ಲಿ ಅದು ಉಳಿದಿದ್ದರೆ ತೆಗೆಯಿರಿ.

ತೂಕ ಇಳಿಸುವುದು ಇನ್ನೊಂದು. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು. ಪಂದ್ಯದಲ್ಲಿ ಅಲ್ಲ, ತೂಕ ಇಳಿಸಲು ನೀರು ಬಿಟ್ಟು ಬೆವರು ಹರಿಸುವಾಗ. ಅಲ್ಲಿ ಆಮೇಲೆ ರಬ್ಬರ್ ಸೂಟು, ಸೌನಾ ನಿಷೇಧವಾದವು. ದೇಹದ ಕೊಬ್ಬು, ನೀರಿನಂಶ ನೋಡಿ ಕನಿಷ್ಠ ತೂಕ ಗೊತ್ತುಮಾಡುವ ಪದ್ಧತಿ ಬಂತು. ಸಂಘಟಕರ ಕೈಯಲ್ಲಿರುವ ಸುಲಭ ಮದ್ದು ತೂಕದ ಸಮಯ. ಹಿಂದಿನ ದಿನ ತೂಗಿದರೆ ಒಣಗಿ ಬಂದು ರಾತ್ರಿಯೆಲ್ಲ ನೀರು ಕುಡಿಯುತ್ತಾರೆ. ಮ್ಯಾಟಿಗೆ ಇಳಿಯುವ ಮುನ್ನ, ಪಂದ್ಯದ ಉಡುಪಿನಲ್ಲೇ ತೂಗಿದರೆ ಆ ಆಸೆಯೇ ಹುಟ್ಟುವುದಿಲ್ಲ.

ಚರ್ಮದ ಸೋಂಕಿನ ಮಾತು ಯಾವ ಪೋಸ್ಟರಿನಲ್ಲೂ ಇರುವುದಿಲ್ಲ, ಅರ್ಜಿಯಲ್ಲೂ ಇರುವುದಿಲ್ಲ. ಹುಳುಕಡ್ಡಿ, ಹರ್ಪಿಸ್, ಕೀವು ತುಂಬುವ ಸ್ಟ್ಯಾಫ್ ಬ್ಯಾಕ್ಟೀರಿಯಾ ಸೋಂಕು ಮೈಗೆ ಮೈ ಉಜ್ಜುವ ಆಟದಲ್ಲಿ ಬಲು ಬೇಗ ಹರಡುತ್ತವೆ. ತೂಕದ ಹೊತ್ತಿಗೇ ಮುಖ, ಕತ್ತು, ಮುಂಗೈ ನೋಡಿಬಿಡಿ. ಗುಂಡಗಿನ ತುರಿಕೆಯ ಉಂಗುರ, ಗುಂಪಾಗಿ ಎದ್ದ ನೀರುಗುಳ್ಳೆ, ಜೇನುಬಣ್ಣದ ಹಕ್ಕಳೆ ಕಂಡರೆ ಬಟ್ಟೆ ಸುತ್ತಿ ಆಡಿಸಬೇಡಿ, ವಾಪಸು ಕಳಿಸಿ. ಮ್ಯಾಟನ್ನು ಮೊದಲು ಸೋಪುನೀರಿನಿಂದ ತೊಳೆದು ಕೊಳೆ ತೆಗೆಯಬೇಕು. ಆಮೇಲೆ ಸೋಂಕುನಾಶಕ ಬಳಿದು, ಡಬ್ಬಿಯ ಮೇಲೆ ಬರೆದಷ್ಟು ನಿಮಿಷ ಒದ್ದೆಯಾಗಿಯೇ ಬಿಡಬೇಕು. ಸಿಂಪಡಿಸಿ ತಕ್ಷಣ ಒರೆಸಿಬಿಟ್ಟರೆ ವಾಸನೆ ಬರುತ್ತದೆಯೇ ಹೊರತು ಕೀಟಾಣು ಸಾಯುವುದಿಲ್ಲ.

ತರಬೇತಿ ಕೇಂದ್ರಗಳವರಿಗೆ ಒಂದು ಮಾತು. ಆತ್ಮರಕ್ಷಣೆ ಕಲಿಸುತ್ತೇವೆ ಎಂದು ಬೋರ್ಡು ಹಾಕುವುದಾದರೆ ಅದನ್ನೇ ಕಲಿಸಿ. ಕೆಳಗೆ ಬಿದ್ದವನು ಒಂದು ಕೈಯನ್ನು ಹಿಂದೆ ಊರಿ, ಎದುರು ಬದಿಯ ಪಾದದ ಮೇಲೆ ಭಾರ ಹಾಕಿ, ಸೊಂಟ ಎತ್ತಿ, ಇನ್ನೊಂದು ಕಾಲನ್ನು ಹಿಂದಕ್ಕೆಳೆದುಕೊಂಡು, ಎದುರಿನವನಿಂದ ಕಣ್ಣು ತೆಗೆಯದೆ ಎದ್ದು ನಿಲ್ಲುವುದು ಆತ್ಮರಕ್ಷಣೆಯ ಮೊದಲ ಪಾಠ. ಬರೀ ಎದ್ದು ನಿಂತರೆ ಪಂದ್ಯದಲ್ಲಿ ಒಂದಂಕವೂ ಇಲ್ಲ. ಆದ್ದರಿಂದಲೇ ಅನೇಕ ಕಡೆ ಇದು ಮೈ ಬಿಸಿ ಮಾಡಿಕೊಳ್ಳುವ ಕಸರತ್ತಾಗಿ ಉಳಿದಿದೆ. ಸಣ್ಣ ಗ್ಲೌಸು ಹಾಕಿ ಮೆಲ್ಲಗೆ ತಟ್ಟುವ ಹೊಡೆತಗಳ ನಡುವೆ ಹಿಡಿತದ ಅಭ್ಯಾಸ, ಗೋಡೆಗೆ ಒತ್ತಿಸಿಕೊಂಡಾಗಿನ ಅಭ್ಯಾಸ, ಬಿಡಿಸಿಕೊಂಡು ಓಡುವ ಅಭ್ಯಾಸ ಇಲ್ಲದಿದ್ದರೆ ಬೋರ್ಡಿನಲ್ಲಿ ಕುಸ್ತಿ, ಜೂಡೊ, ಜಿಯು-ಜಿತ್ಸು ಎಂದಷ್ಟೇ ಬರೆಯಿರಿ. ಆ ಹೆಸರುಗಳೇನು ಸಣ್ಣವಲ್ಲ.

ಅಧಿಕಾರಿಗಳೇ, ಬಾಕ್ಸಿಂಗಿನ ಕೈಗವಸು, ಎಂಟರ ಎಣಿಕೆ, ಮುಖಕ್ಕೆ ವ್ಯಾಸಲೀನು ಯಾವುದೂ ನಮ್ಮ ಪಂದ್ಯಕ್ಕೆ ಸಂಬಂಧಿಸಿದ್ದಲ್ಲ. ಅವನ್ನು ಕೇಳುವ ಬದಲು ಬೇರೆ ಪ್ರಶ್ನೆ ಕೇಳಿ. ಯಾವ ವಯಸ್ಸಿಗೆ, ಎಷ್ಟು ಅನುಭವಕ್ಕೆ ಯಾವ ಪಟ್ಟು ನಿಷಿದ್ಧ? ಮ್ಯಾಟಿನ ಸುತ್ತ ಗೋಡೆ, ಕಂಬ, ಮೇಜಿನವರೆಗೆ ಎಷ್ಟು ಜಾಗ ಬಿಟ್ಟಿದ್ದಾರೆ, ಜೋಡಿಸಿದ ಮ್ಯಾಟುಗಳ ನಡುವೆ ಬೆರಳು ಸಿಕ್ಕುವ ಸಂದು ಇದೆಯೇ? ತಟ್ಟಿದ ಮೇಲೂ ಬಿಡದವನಿಗೆ ಏನು ಶಿಕ್ಷೆ? ತಲೆಗೆ ಪೆಟ್ಟಾದವರ ಹೆಸರನ್ನು ಯಾರು ಬರೆದಿಟ್ಟುಕೊಳ್ಳುತ್ತಾರೆ? ಮುಂದಿನ ಅರ್ಜಿ ನಿಮ್ಮ ಮೇಜಿಗೆ ಬಂದಾಗ ಜತೆಗೆ ಪೋಸ್ಟರಿನ ಪ್ರತಿಯನ್ನೂ ಲಗತ್ತಿಸಲು ಹೇಳಿ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದ ಮೇಲೆ ಸಹಿ ಹಾಕಿ.

ಇಂತಿ,
ಮ್ಯಾಟಿನ ಅಂಚಿನಲ್ಲಿ ನಿಲ್ಲುವ ಕೆಲವು ತರಬೇತುದಾರರು ಮತ್ತು ರೆಫರಿಗಳು